ಸಪ್ಪೆ ಸಾರು

ಬೆಳಗಾದರೆ ಅಜ್ಜಿ ಮೊದಲು ನೋಡುತ್ತಿದ್ದದ್ದು ಗಂಡನ ಕಾಲನ್ನು. ಹೊದಿಕೆ ಸರಿಸಿ, ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆಯುತ್ತಿದ್ದಳು. ಒತ್ತಿದ ಕಡೆ ಗುಳಿ ಬೀಳುತ್ತಿತ್ತು. ಗುಳಿ ಬೇಗ ತುಂಬಿಕೊಂಡರೆ ಅವತ್ತು ಒಳ್ಳೆಯ ದಿನ, ತಡವಾದರೆ ಕೆಟ್ಟ ದಿನ. ಡಾಕ್ಟರು ಹೇಳಿಕೊಟ್ಟ ಪರೀಕ್ಷೆ ಅದು. ಓದು ಬಾರದ ಹೆಂಗಸಿಗೂ ಓದಲು ಬರುವಂಥದ್ದು.

“ಏನಂತೆ ಕಾಲು?” ಎಂದು ಅಜ್ಜ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ.

“ಮುಖ ಊದಿಸ್ಕೊಂಡು ಕೂತಿದೆ.”

“ನಿನ್ನ ಜೊತೆ ಇದ್ದೂ ಇದ್ದೂ ಕಲಿತಿರತ್ತೆ ಬಿಡು.”

ಅಜ್ಜನನ್ನು ಪೇಟೆಯವರೆಲ್ಲ ಕೆಂಡಪ್ಪ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಯಾರ ಬಾಯಲ್ಲೂ ಉಳಿದಿರಲಿಲ್ಲ. ಪ್ರಾಯದಲ್ಲಿ ತಳ್ಳುಗಾಡಿಯ ಮೇಲೆ ಕೋಳಿ ಸುಡಲು ನಿಂತವನು, ಗಾಡಿಯನ್ನು ಅಂಗಡಿ ಮಾಡಿದ, ಅಂಗಡಿಯ ಹೊಗೆಯಿಂದಲೇ ಮನೆಯ ಗೋಡೆ ಎಬ್ಬಿಸಿದ. ಕೆಂಡದ ಪಕ್ಕ ನಿಂತೂ ನಿಂತೂ ಅವನ ಎಡಗೆನ್ನೆ ಬಲಗೆನ್ನೆಗಿಂತ ಒಂದು ಬಣ್ಣ ಹೆಚ್ಚು ಕಪ್ಪಾಗಿತ್ತು. ಈಗ ಅಂಗಡಿಯಲ್ಲಿ ಮಗ ನಿಲ್ಲುತ್ತಿದ್ದ. ಕಳೆದ ಚಳಿಗಾಲದಲ್ಲಿ ಅಜ್ಜನ ಹೃದಯ ಸೋತಿತ್ತು.

“ಪಂಪು ಹಳೇದಾಗಿದೆ ಕಣಮ್ಮ,” ಎಂದಿದ್ದರು ಡಾಕ್ಟರು. “ಇರೋವಷ್ಟು ದಿನ ಹುಷಾರಾಗಿ ನಡೆಸ್ಕೊಂಡು ಹೋಗ್ಬೇಕು. ಮಾತ್ರೆ ತಪ್ಪಿಸ್ಬೇಡಿ. ಎಲ್ಲಕ್ಕಿಂತ ಮುಖ್ಯ, ಉಪ್ಪು ಮುಟ್ಟಿಸ್ಬೇಡಿ. ಉಪ್ಪು ಮೈಯಲ್ಲಿ ನೀರು ನಿಲ್ಲಿಸತ್ತೆ. ಆ ನೀರು ಕಾಲಿಗೆ ಬಂದ್ರೆ ಎಚ್ಚರ. ಎದೆಗೆ ಏರಿದ್ರೆ ಕಷ್ಟ.”

ಅಜ್ಜಿ ಆ ಮಾತನ್ನು ಗಂಟು ಹಾಕಿಟ್ಟುಕೊಂಡಳು. ಆದರೆ ನಾಲಿಗೆಯನ್ನೇ ನಂಬಿ ಬದುಕು ಕಟ್ಟಿದ ಗಂಡಸು ಉಪ್ಪಿಲ್ಲದ ಬೇಳೆ, ಉಪ್ಪಿಲ್ಲದ ಆಲೂಗಡ್ಡೆ ತಿನ್ನುವುದೆಂದರೇನು? ಎರಡು ತುತ್ತು ತಿಂದು ತಟ್ಟೆ ತಳ್ಳುತ್ತಿದ್ದ. ಕೆನ್ನೆ ಒಳಗೆ ಹೋಯಿತು, ಉಂಗುರ ಬೆರಳಿನಿಂದ ಜಾರತೊಡಗಿತು. ಆಗ ಅಜ್ಜಿಗೆ ಹೊಳೆದದ್ದು ಎಲುಬಿನ ಸಾರು.

ಅಂಗಡಿಯಲ್ಲಿ ಮಧ್ಯಾಹ್ನ ಮಾರದೆ ಉಳಿದ ಸುಟ್ಟ ಕೋಳಿಯ ಮಾಂಸ ಬಿಡಿಸಿ, ಬ್ರೆಡ್ಡಿನ ನಡುವೆ ಇಟ್ಟು ಸಂಜೆ ಮಾರುತ್ತಿದ್ದರು. ಎಲುಬಿನ ಗೂಡುಗಳು ಬೀದಿ ನಾಯಿಗಳ ಪಾಲಾಗುತ್ತಿದ್ದವು. “ನಾಯಿಗೆ ಹಾಕೋದನ್ನ ನಿಮ್ಮಪ್ಪನಿಗೆ ತಂದುಕೊಡೋ,” ಎಂದಳು ಅಜ್ಜಿ. ಮಗ ದಿನವೂ ಸಂಜೆ ಒಂದು ಚೀಲ ತಂದು ಅಡುಗೆಮನೆಯ ಹೊಸಿಲಲ್ಲಿ ಇಡತೊಡಗಿದ.

ಅಜ್ಜಿಯ ಕೆಲಸ ಅಚ್ಚುಕಟ್ಟು. ಅಂಗಡಿಯ ಮಸಾಲೆಯಲ್ಲಿ ಉಪ್ಪಿರುವುದು ಅವಳಿಗೆ ಗೊತ್ತು, ಆದ್ದರಿಂದ ಮೊದಲು ಗೂಡಿಗೆ ಅಂಟಿದ ಚರ್ಮವನ್ನೆಲ್ಲ ಸುಲಿದು ಎಸೆಯುತ್ತಿದ್ದಳು. ಎಲುಬನ್ನು ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಮೊಮ್ಮಗಳು ನೋಡಿ, “ಅಜ್ಜಿ, ಸೋಪು ಕೊಡಲಾ?” ಎಂದು ಕೇಳಿದ್ದುಂಟು. ಆಮೇಲೆ ಕೀಲಿನಲ್ಲಿ ಮುರಿದು, ತಣ್ಣೀರು ಹೊಯ್ದು, ಸಿಪ್ಪೆ ಸಮೇತ ಒಂದು ಈರುಳ್ಳಿ, ಗಜ್ಜರಿಯ ತುದಿ, ನಾಲ್ಕು ಕಾಳುಮೆಣಸು, ಎಲುಬು ತನ್ನೊಳಗಿನದನ್ನು ಬಿಟ್ಟುಕೊಡಲಿ ಎಂದು ಒಂದು ಚಮಚ ವಿನೆಗರ್. ಉರಿ ಸಣ್ಣ. “ಸಾರು ಕುಣೀಬಾರ್ದು, ಮುಗುಳ್ನಗ್ಬೇಕು,” ಎನ್ನುತ್ತಿದ್ದಳು. ಮೇಲೆ ಬಂದ ನೊರೆಯನ್ನು ಚಮಚದಲ್ಲಿ ತೆಗೆಯುತ್ತ ಒಲೆಯ ಮುಂದೆಯೇ ಕೂತಿರುತ್ತಿದ್ದಳು. ಕೊನೆಗೆ ತೆಳುಬಟ್ಟೆಯಲ್ಲಿ ಸೋಸಿ, ತಣಿಸಿ, ಮೇಲಿನ ಕೊಬ್ಬು ಎತ್ತಿದರೆ ಕೆಳಗೆ ಬಂಗಾರದ ಬಣ್ಣದ ಸಾರು ಹೆಪ್ಪುಗಟ್ಟಿರುತ್ತಿತ್ತು. ಬೆರಳು ತಾಗಿಸಿದರೆ ನಡುಗಬೇಕು. ನಡುಗಿದರೆ ಸಾರು ಸರಿ ಬಂತೆಂದು ಲೆಕ್ಕ.

ಅವಳು ಅದನ್ನು ಬಾಯಿಗೆ ಮಾತ್ರ ಇಡುತ್ತಿರಲಿಲ್ಲ. ಮಗ ಹೊಟ್ಟೆಯಲ್ಲಿದ್ದಾಗ ಕೋಳಿಯ ವಾಸನೆಗೆ ಕರುಳೇ ಹೊರಬರುವಂತೆ ವಾಂತಿ ಮಾಡಿದವಳು, ಅಂದಿನಿಂದ ಕೋಳಿ ತಿಂದಿರಲಿಲ್ಲ. ಕೋಳಿಯವನ ಹೆಂಡತಿಯಾಗಿ ಕೋಳಿ ತಿನ್ನದೆ ಮುದುಕಿಯಾದಳು. ಮಿಕ್ಕವರೂ ಆ ಪಾತ್ರೆಗೆ ಕೈಹಾಕುತ್ತಿರಲಿಲ್ಲ. ಅದು ಅಜ್ಜನ ಔಷಧಿ.

ಮೊದಲ ದಿನ ಅಜ್ಜ ಒಂದು ಚಮಚ ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತ. ಹೆಂಡತಿಯ ಮುಖ ನೋಡಿದ. ಆಮೇಲೆ ಹರಳೆಣ್ಣೆ ಕುಡಿದವನಂತೆ ಮೂತಿ ಸೊಟ್ಟಗೆ ಮಾಡಿ, “ಸಪ್ಪೆ,” ಎಂದ.

“ಹಾಗಾದ್ರೆ ಬಿಡಿ.”

“ಬಿಡೋದ್ಯಾಕೆ? ಕಷ್ಟಪಟ್ಟು ಮಾಡಿದೀಯ. ಕೊಡು ಇತ್ತ.”

ಬಟ್ಟಲು ಖಾಲಿಯಾಯಿತು. ಅಂದಿನಿಂದ ದಿನವೂ ಅದೇ. ಮೊದಲ ಚಮಚಕ್ಕೆ “ಸಪ್ಪೆ”, ಕೊನೆಯ ಚಮಚಕ್ಕೆ ಬಟ್ಟಲು ತೊಳೆದಿಟ್ಟಂತೆ. ಕೆನ್ನೆಗೆ ಒಂದಿಷ್ಟು ಬಣ್ಣ ಬಂತು. ಪಾಪ, ನನಗೋಸ್ಕರ ಆ ಸಪ್ಪೆ ನೀರು ಕುಡೀತಾರೆ ಎಂದು ಅಜ್ಜಿಯ ಕರುಳು ಚುರುಕ್ಕೆನ್ನುತ್ತಿತ್ತು.

ಆದರೆ ಕಾಲು ಮಾತ್ರ ಇಳಿಯಲಿಲ್ಲ.

ಡಾಕ್ಟರು ಮಾತ್ರೆ ಬದಲಿಸಿದರು. ಇನ್ನೊಮ್ಮೆ ಬದಲಿಸಿದರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ನಿಮ್ಮ ಮನೇಲಿ ಯಾರೋ ಇವರಿಗೆ ಉಪ್ಪು ಕೊಡ್ತಿದಾರೆ,” ಎಂದರು.

“ಒಂದು ಹರಳು ಕೂಡ ಕೊಟ್ಟಿಲ್ಲ ಸಾರ್.”

“ನೀವು ಕೊಟ್ಟಿಲ್ಲ. ಮನೇಲಿ ಬೇರೆ ಯಾರಿದ್ದಾರೆ?”

ಆ ಪ್ರಶ್ನೆ ಅಜ್ಜಿಯ ಜೊತೆಯಲ್ಲೇ ಮನೆಗೆ ಬಂತು. ಬೇರೆ ಯಾರಿದ್ದಾರೆ? ಮಗ ಅಡುಗೆಮನೆಯ ಹೊಸಿಲು ದಾಟುವವನಲ್ಲ. ಮೊಮ್ಮಗಳಿಗೆ ಶಾಲೆಯ ಕೊನೆಯ ವರ್ಷದ ಓದು. ಬಾಯಿ ನಿಲ್ಲದ್ದಕ್ಕೆ ಅಜ್ಜ ಅವಳಿಗೆ ಗಿರಣಿ ಎಂದು ಹೆಸರಿಟ್ಟಿದ್ದ, ಗುಟ್ಟು ಅವಳ ಹೊಟ್ಟೆಯಲ್ಲಿ ಒಂದು ಗಂಟೆಯೂ ನಿಲ್ಲುತ್ತಿರಲಿಲ್ಲ. ಉಳಿದವಳು ಸೊಸೆ.

ಸೊಸೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ದರ್ಜಿ ಅಂಗಡಿಯೊಂದಕ್ಕೆ ಕೋಟು, ಪ್ಯಾಂಟು ಹೊಲಿದುಕೊಡುತ್ತಿದ್ದಳು. ಗಂಟೆಗಟ್ಟಲೆ ಬೇಯುವ ಎಲುಬಿನ ವಾಸನೆ ಬಟ್ಟೆಗೆ ಹಿಡಿದು, “ಅತ್ತೆ, ಗಿರಾಕಿ ಕೋಟು ವಾಪಸ್ ಕಳಿಸಿದಾರೆ. ಹಾಕ್ಕೊಂಡ್ರೆ ನಾಯಿ ಹಿಂದೆ ಬರ್ತವಂತೆ,” ಎಂದು ಒಂದು ದಿನ ಗೊಣಗಿದ್ದಳು. ಅದಕ್ಕಿಂತ ಹೆಚ್ಚಾಗಿ ಅಜ್ಜಿಗೆ ನೆನಪಾದದ್ದು ಅವಳ ಇನ್ನೊಂದು ಮಾತು. ಮಾವ ಮೂತಿ ಸೊಟ್ಟಗೆ ಮಾಡಿದ್ದನ್ನು ಕಂಡು, “ಪಾಪ, ಒಂದು ಚಿಟಿಕೆ ಹಾಕಿದ್ರೆ ಪ್ರಪಂಚ ಮುಳುಗತ್ತಾ ಅತ್ತೆ?” ಎಂದಿದ್ದಳು.

ಅವತ್ತೇ ಸಂಜೆ ಅಜ್ಜಿ ಉಪ್ಪಿನ ಡಬ್ಬವನ್ನು ತನ್ನ ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈ ಕೊರಳ ದಾರಕ್ಕೆ ಸೇರಿತು. ಇನ್ನು ಮೇಲೆ ಮನೆಗೆಲ್ಲ ಒಂದೇ ಅಡುಗೆ.

ಊಟಕ್ಕೆ ಕೂತಾಗ ಮಗ ಪಲ್ಯ ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದ. “ಇದೇನಿದು?”

“ಹುರುಳಿಕಾಯಿ,” ಎಂದಳು ಗಿರಣಿ. “ಸತ್ತುಹೋದ ಹುರುಳಿಕಾಯಿ.”

“ಅಮ್ಮ, ಇಡೀ ದಿನ ಬೆಂಕಿ ಮುಂದೆ ಬೆವರು ಸುರಿಸಿ ಬಂದಿದೀನಿ. ಮೈಯಲ್ಲಿರೋ ಉಪ್ಪೆಲ್ಲ ಹೋಗಿದೆ.”

“ನಿಮ್ಮಪ್ಪ ತಿಂತಿಲ್ವಾ? ಅವರಿಗಿಂತ ನೀನು ದೊಡ್ಡವನಾ?”

ಸೊಸೆ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತ ಕೂತಿದ್ದಳು. ಬೀಗ ಯಾರ ಹೆಸರಿಗೆ ಬಿದ್ದಿದೆ ಎಂದು ತಿಳಿಯದಷ್ಟು ದಡ್ಡಿಯಲ್ಲ ಅವಳು.

ಸಿಡಿದದ್ದು ಮಾರನೆಯ ವಾರ. ಅಜ್ಜಿ ಅಜ್ಜನಿಗೆ ಮೈ ಒರೆಸಿ ಅಡುಗೆಮನೆಗೆ ಬಂದರೆ, ಸೊಸೆ ಸಾರಿನ ಪಾತ್ರೆಯ ಮುಚ್ಚಳ ಎತ್ತಿ ಬಗ್ಗಿ ನಿಂತಿದ್ದಳು.

“ಏನ್ ಹಾಕ್ದೆ?”

“ಏನೂ ಇಲ್ಲ ಅತ್ತೆ. ಉಕ್ಕಿ ಬರ್ತಿತ್ತು, ಉರಿ ಸಣ್ಣ ಮಾಡ್ದೆ.”

“ಕೈ ತೋರ್ಸು.”

“ಏನು?”

“ಕೈ ತೋರ್ಸು ಅಂದೆ.”

ಸೊಸೆ ಎರಡೂ ಕೈ ಚಾಚಿದಳು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳುಗಳು. ಅಜ್ಜಿ ಆ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಉಪ್ಪಿಗೆ ವಾಸನೆ ಇರುವುದಿಲ್ಲವೆಂಬುದು ಆ ಗಳಿಗೆಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಹದಿನೆಂಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದ ಹೆಂಗಸರು ಹಾಗೆ ನಿಂತಿದ್ದರು, ಒಬ್ಬಳ ಕೈ ಇನ್ನೊಬ್ಬಳ ಮೂಗಿನ ಕೆಳಗೆ.

ಸಂಜೆ ಮಗ ಬಂದಾಗ ಜಗಳ ಮುಂದಿನ ಕೋಣೆಗೆ ಬಂದಿತ್ತು.

“ನಾನೇನೋ ಕಳ್ಳಿ ಅನ್ನೋ ಹಾಗೆ ನನ್ನ ಕೈ ಮೂಸಿ ನೋಡಿದ್ರು ರೀ ನಿಮ್ಮಮ್ಮ!”

“ನಿನ್ನ ಮಾವ ದಿನಾ ಊದ್ಕೊಳ್ತಿದಾರೆ. ನಾನು ಯಾರನ್ನ ಕೇಳ್ಲಿ, ಗೋಡೆನಾ?”

ಮಗ ದಣಿದಿದ್ದ. ಬೂಟು ಬಿಚ್ಚುತ್ತ, ತಲೆ ಎತ್ತದೆ, “ಹಾಕಿದ್ರೆ ಹಾಕ್ದೆ ಅಂತ ಹೇಳ್ಬಿಡೇ. ಪಾಪ ಅಂತ ಹಾಕಿರ್ತೀಯ. ಯಾರೂ ಕೊಲ್ಲಲ್ಲ,” ಎಂದ.

ಸೊಸೆ ಗಂಡನ ನೆತ್ತಿಯನ್ನೇ ನೋಡಿದಳು. “ನೀವೂ?” ಎಂದಳು.

ಒಳಕೋಣೆಯ ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಅಜ್ಜ ಗೋಡೆಯ ಕಡೆ ಹೊರಳಿ ಮಲಗಿದ್ದ. ಸೊಸೆ ಬಾಗಿಲಲ್ಲಿ ನಿಂತು, “ಮಾವ, ನೀವೇ ಹೇಳಿ. ನಾನು ನಿಮಗೆ ಯಾವತ್ತಾದ್ರೂ ಉಪ್ಪು ಕೊಟ್ಟಿದೀನಾ?” ಎಂದು ಕೇಳಿದಳು.

ಅಜ್ಜ ನಿದ್ದೆಯಲ್ಲಿರುವವನಂತೆ ಉಸಿರು ಬಿಟ್ಟ. ಅವನು ಎಚ್ಚರವಾಗಿದ್ದಾನೆಂದು ಅಜ್ಜಿಗೆ ಬೆನ್ನು ನೋಡಿಯೇ ಗೊತ್ತಾಯಿತು. ಸೊಸೆಯನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಅದಕ್ಕೇ ಸುಮ್ಮನಿದ್ದಾರೆ ಎಂದುಕೊಂಡಳು. ಅನುಮಾನ ಗಟ್ಟಿಯಾಯಿತು.

ಮಾರನೆಯ ಬೆಳಿಗ್ಗೆ ಸೊಸೆ ಅರ್ಧ ಹೊಲಿದ ಕೋಟುಗಳನ್ನು ಚೀಲಕ್ಕೆ ತುಂಬಿಕೊಂಡು, ಎರಡು ಬೀದಿಯಾಚೆ ಅಕ್ಕನ ಮನೆಗೆ ಹೋದಳು. ಮಗಳಿಗೆ, “ಪರೀಕ್ಷೆ ಇದೆ, ನೀನಿಲ್ಲೇ ಇರು. ಹಾಸಿಗೆ ಮೇಲೆ ಕೂತು ಓದ್ಬೇಡ,” ಎಂದಷ್ಟೇ ಹೇಳಿದಳು.

ಅವಳು ಹೋದ ಮೇಲೆ ಅವಳು ಮಾಡುತ್ತಿದ್ದ ಕೆಲಸಗಳು ಒಂದೊಂದಾಗಿ ಎದ್ದು ನಿಂತವು. ಒಗೆಯುವ ಬಟ್ಟೆ ಬುಟ್ಟಿ ತುಂಬಿ ನೆಲಕ್ಕೆ ಬಂತು. ಗ್ಯಾಸು ತರುವವನು ಬಂದು ಬಾಗಿಲು ಬಡಿದು ಹೋದ. ಮಗ ಗುಂಡಿ ಕಿತ್ತ ಅಂಗಿಯಲ್ಲೇ ಅಂಗಡಿಗೆ ಹೋದ. ಹೊಲಿಗೆ ಯಂತ್ರದ ಸದ್ದಿಲ್ಲದ ಮನೆಯಲ್ಲಿ ಅಜ್ಜನ ಕೆಮ್ಮು ದೊಡ್ಡದಾಗಿ ಕೇಳಿಸತೊಡಗಿತು.

ಅಜ್ಜಿ ಮಾತ್ರ ಸಾರು ಬಿಡಲಿಲ್ಲ. ಇನ್ನು ಕದ್ದು ಹಾಕುವವರು ಇಲ್ಲ, ಈಗ ಕಾಲು ಇಳಿಯಲೇಬೇಕು. ಬೇಗ ಶಕ್ತಿ ಬರಲಿ ಎಂದು ಎಲುಬು ಹೆಚ್ಚು ಹಾಕಿದಳು. ಎರಡು ಪಾತ್ರೆ ನೀರು ಒಂದು ಬಟ್ಟಲಾಗುವವರೆಗೆ ಬತ್ತಿಸಿದಳು. ಸಾರು ತಣಿದರೆ ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ. ಅಜ್ಜ ಮೊದಲ ಚಮಚಕ್ಕೆ “ಸಪ್ಪೆ” ಎನ್ನಲು ತುಸು ತಡಮಾಡುತ್ತಿದ್ದ, ಆದರೂ ಎನ್ನುತ್ತಿದ್ದ.

ಊತ ಮೊಣಕಾಲು ದಾಟಿತು. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಅವನನ್ನು ಕುರ್ಚಿಯಲ್ಲಿ ಕೂರಿಸಿಯೇ ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಬೇಕಾಯಿತು. ಎದೆಗೆ ನೀರು ಏರಿತ್ತು.

ಮನೆಗೆ ಬಂದು ಆಸ್ಪತ್ರೆಗೆ ಒಯ್ಯಲು ಸಾರು ಬಿಸಿ ಮಾಡುತ್ತಿದ್ದ ಅಜ್ಜಿಯ ಹಿಂದೆ ಗಿರಣಿ ಬಂದು ನಿಂತಳು. ಅಳುವ ಹಾಗಿತ್ತು ಅವಳ ಮುಖ, ಸಿಟ್ಟೂ ಇತ್ತು.

“ಅಜ್ಜಿ, ಅಮ್ಮ ಇಲ್ಲಿಲ್ಲ. ಅಪ್ಪ ಒಳಗೇ ಬರಲ್ಲ. ನಾನು ಹಾಕಿಲ್ಲ. ಪೆಟ್ಟಿಗೆ ಬೀಗದ ಕೈ ನಿನ್ನ ಕತ್ತಲ್ಲಿದೆ. ಈಗ ಯಾರ ಕೈ ಮೂಸ್ತೀಯ?”

“ಬಾಯ್ಮುಚ್ಚು.”

“ಮುಚ್ಚಲ್ಲ. ಒಂದ್ಸಲನಾದ್ರೂ ಆ ಸಾರು ಕುಡಿದು ನೋಡಿದೀಯಾ?”

“ನಾನು ಕೋಳಿ ಮುಟ್ಟಲ್ಲ ಅಂತ ಗೊತ್ತಿಲ್ವಾ ನಿನಗೆ?”

“ನಾನು ಮುಟ್ತೀನಿ.” ಹುಡುಗಿ ಚಮಚ ಅದ್ದಿ ಬಾಯಿಗಿಟ್ಟಳು. ಅವಳ ಹುಬ್ಬು ಮೆಲ್ಲಗೆ ಮೇಲೇರಿತು. “ಅಜ್ಜೀ...” ಎಂದಳು. ಸಿಟ್ಟೆಲ್ಲ ಇಳಿದುಹೋಗಿತ್ತು. “ಅಜ್ಜೀ, ಇದು ತುಂಬ ಚೆನ್ನಾಗಿದೆ.”

ಅಜ್ಜಿ ಅವಳ ಕೈಯಿಂದ ಚಮಚ ಕಿತ್ತುಕೊಂಡಳು. ಕಣ್ಣು ಮುಚ್ಚಿ, ಮೂಗು ಹಿಡಿದು, ಬಾಯಿಗೆ ಹಾಕಿಕೊಂಡಳು. ಹೊಟ್ಟೆ ತೊಳಸಲಿಲ್ಲ. ನಾಲಿಗೆಯ ಮೇಲೆ ಹಿತವಾಗಿ, ತುಂಬಿಕೊಂಡು, ಕೊನೆಯಲ್ಲಿ ಗಂಟಲವರೆಗೂ ನಿಂತದ್ದು ಉಪ್ಪು.

ಒಲೆ ಆರಿಸಿದ್ದು ಅವಳಿಗೆ ನೆನಪಿಲ್ಲ. ಅಂಗಡಿಯ ದಾರಿ ಹಿಡಿದಿದ್ದಳು.

ಅಂಗಡಿಯ ಹಿಂದೆ ಒಂದು ಒಳಕೋಣೆ ಇತ್ತು. ಗಂಡ ಅಂಗಡಿಯಲ್ಲಿ ನಿಂತಷ್ಟು ಕಾಲವೂ ಅದರ ಬಾಗಿಲು ಅವಳಿಗೆ ಮುಚ್ಚಿದ್ದೇ. “ನೆಲ ಜಾರತ್ತೆ, ಬರ್ಬೇಡ,” ಎನ್ನುತ್ತಿದ್ದ. ಅವಳೂ ಕೋಳಿ ಕೊಯ್ಯುವ ಜಾಗವಿರಬೇಕೆಂದು ಅತ್ತ ತಲೆ ಹಾಕಿದವಳಲ್ಲ. ಇವತ್ತು ಬಾಗಿಲು ನೂಕಿ ಒಳಗೆ ಹೋದಳು. ನೆಲ ಜಾರುವಂತೇನೂ ಇರಲಿಲ್ಲ. ಗೋಡೆಯುದ್ದಕ್ಕೂ ಎದೆಮಟ್ಟದ ಪೀಪಾಯಿಗಳು. ಮುಚ್ಚಳ ಎತ್ತಿದರೆ ತಣ್ಣನೆಯ ನೀರಿನಲ್ಲಿ ಮುಳುಗಿದ ಕೋಳಿಗಳು, ಬೆಳ್ಳಗೆ, ತೊಟ್ಟಿಲಲ್ಲಿ ಮಲಗಿದಂತೆ. ಅಜ್ಜಿ ಬೆರಳು ಅದ್ದಿ ನಾಲಿಗೆಗೆ ತಾಗಿಸಿಕೊಂಡಳು.

“ಅಮ್ಮ? ನೀನಿಲ್ಲಿ...” ಮಗ ಇಕ್ಕಳ ಹಿಡಿದೇ ಓಡಿ ಬಂದಿದ್ದ.

“ಏನೋ ಇದು?”

“ನೆನೆಹಾಕೋ ನೀರು.”

“ಉಪ್ಪುನೀರು.”

“ಹೂಂ. ಉಪ್ಪು, ಬೆಲ್ಲ, ಇನ್ನೊಂದೆರಡು. ಇಡೀ ರಾತ್ರಿ ನೆನೀಬೇಕು. ಅದಕ್ಕೇ ನಮ್ಮ ಕೋಳಿ ಬೇರೆಯವರ ಹಾಗೆ ಒಣಗಲ್ಲ. ಅಪ್ಪನ ಗುಟ್ಟು ಅದು. ಹೆಂಡತಿಗೂ ಹೇಳ್ಬೇಡ ಅಂತ ಕೈಮೇಲೆ ಕೈ ಹಾಕಿಸ್ಕೊಂಡಿದ್ರು.” ಹೇಳುತ್ತ ಹೇಳುತ್ತ ಮಗನ ದನಿ ಇಳಿಯಿತು. “ಅಮ್ಮ, ಎಲುಬಿನ ತನಕ ಇಳಿದಿರತ್ತೆ ಅಂತ ಹೊಳೀಲೇ ಇಲ್ಲ... ಬೆಂಕಿಗೆ ಹೋದ ಮೇಲೆ ಎಲ್ಲ ಸುರಿದು ಹೋಗತ್ತೆ ಅಂದ್ಕೊಂಡಿದ್ದೆ. ನೀನು ತೊಳೀತಿದ್ಯಲ್ಲ...”

“ಮೇಲಿಂದನ್ನ ತೊಳೆದೆ. ಒಳಗಿಂದನ್ನ ಹೇಗೋ ತೊಳೀಲಿ?”

ಮಗ ಪೀಪಾಯಿಯ ಅಂಚು ಹಿಡಿದು ನಿಂತ. “ಅವಳನ್ನ ಹಾಗಂದ್ಬಿಟ್ನಲ್ಲಮ್ಮ,” ಎಂದ.

ಅಜ್ಜಿಯ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಮಗನಿಗೆ ತಿಳಿಯಲಿಲ್ಲ, ಸರಿ. ಆದರೆ ಆ ನೀರು ಕಲಸಿದವನಿಗೆ, ಎಷ್ಟು ಉಪ್ಪಿಗೆ ಎಷ್ಟು ರುಚಿ ಎಂದು ನಾಲಿಗೆಯಲ್ಲೇ ಅಳೆದವನಿಗೆ ತಿಳಿಯಲಿಲ್ಲವೇ?

ಆಸ್ಪತ್ರೆಯಲ್ಲಿ ಅಜ್ಜನನ್ನು ದಿಂಬುಗಳಿಗೆ ಒರಗಿಸಿ ಕೂರಿಸಿದ್ದರು. ಅಜ್ಜಿ ಬರಿಗೈಯಲ್ಲಿ ಬಂದದ್ದನ್ನು ನೋಡಿದ. “ಸಾರು?” ಎಂದ.

“ಕುಡಿದು ನೋಡ್ದೆ.”

ಅಜ್ಜ ಅವಳ ಮುಖ ನೋಡಿ ಕಣ್ಣು ಕೆಳಗಿಳಿಸಿದ. ಪಕ್ಕದ ಮಂಚದಲ್ಲಿ ಯಾರೋ ಕಿತ್ತಳೆ ಸುಲಿಯುತ್ತಿದ್ದರು.

“ಮೊದಲನೇ ದಿನಾನೇ ಗೊತ್ತಾಯ್ತು ಅಲ್ವಾ?”

“ಹೂಂ.”

“ಮತ್ತೆ ದಿನಾ ಸಪ್ಪೆ, ಸಪ್ಪೆ ಅಂತ...”

“ಚೆನ್ನಾಗಿದೆ ಅಂದಿದ್ರೆ ನಿನಗೆ ಅನುಮಾನ ಬರ್ತಿತ್ತು.” ಉಸಿರು ಹಿಡಿದು ಹಿಡಿದು ಮಾತಾಡಿದ. “ನಾಲಿಗೆ ಸತ್ತುಹೋಗಿತ್ತು ಕಣೇ. ಒಂದು ಚಮಚ ಬಾಯಿಗೆ ಬಿತ್ತು ನೋಡು, ನನ್ನ ಕೈರುಚಿ. ಎಲುಬಿನ ಒಳಗಿಂದ ಎದ್ದು ಬಂದ ಹಾಗಾಯ್ತು. ಅಂಗಡಿಗೆ ಹೋಗಿ ಬಂದ ಹಾಗಾಯ್ತು.”

“ಸಾಯ್ತೀನಿ ಅಂತ ಗೊತ್ತಿದ್ದೂ ಕುಡಿದ್ರಿ.”

“ಸಾಯೋದು ಹೇಗೂ ಇತ್ತು.”

“ನಿಮ್ಮದು ಬಿಡಿ.” ಅಜ್ಜಿಯ ದನಿ ಒಡೆಯಿತು. “ಆ ಹುಡುಗಿ ಬಾಗಿಲಲ್ಲಿ ನಿಂತು ಮಾವಾ ಅಂತ ಕೇಳಿದ್ಲು. ಆಗ್ಲಾದ್ರೂ ಬಾಯಿ ಬಿಡ್ಬಾರ್ದಿತ್ತೇನ್ರೀ?”

ಅಜ್ಜನ ಕಪ್ಪು ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು, ಒರೆಸಿಕೊಳ್ಳಲು ಕೈ ಏಳಲಿಲ್ಲ. “ಬಿಟ್ಟಿದ್ರೆ ನೀನು ಸಾರು ನಿಲ್ಲಿಸ್ತಿದ್ದೆ,” ಎಂದ. “ಒಂದು ಬಟ್ಟಲಿಗೋಸ್ಕರ ಸೊಸೇನ ಮಾರ್ಕೊಂಡೆ. ಹೋಗಿ ಕರ್ಕೊಂಡ್ಬಾ. ನಾನು ಹೇಳ್ದೆ ಅಂತ ಹೇಳು.”

ಸೊಸೆಯ ಅಕ್ಕನ ಮನೆಯಲ್ಲಿ ಅಜ್ಜಿ ಒಳಗೆ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು, ಪೀಪಾಯಿ, ಎಲುಬು, ಸಪ್ಪೆ. ಸೊಸೆ ಸೂಜಿ ಕೆಳಗಿಡದೆ ಕೇಳಿದಳು.

“ನಿನ್ನ ಕೈ ಮೂಸಬಾರ್ದಿತ್ತು ನಾನು,” ಎಂದಳು ಅಜ್ಜಿ.

“ಅದನ್ನ ಮರೀತೀನೋ ಇಲ್ವೋ ಗೊತ್ತಿಲ್ಲ ಅತ್ತೆ. ಸುಳ್ಳು ಹೇಳಲ್ಲ.” ದಾರವನ್ನು ಹಲ್ಲಿನಿಂದ ಕಡಿದಳು. “ಅವರು ಬರ್ಲಿಲ್ವಾ?”

“ಗೇಟಿನ ಹತ್ರ ನಿಂತಿದಾನೆ. ಒಳಗೆ ಬರೋಕೆ ಮುಖ ಇಲ್ಲ.”

“ಕೈಲಿ ಏನಾದ್ರೂ ತಂದಿದಾರಾ?”

ಅಜ್ಜಿ ಹೇಳಲು ಹಿಂದೆಮುಂದೆ ನೋಡಿದಳು. “ಕೋಳಿ.”

ಸೊಸೆ ಕಿಟಕಿಯಿಂದ ನೋಡಿದಳು. ಎಣ್ಣೆ ಒಸರುವ ಕಾಗದದ ಪೊಟ್ಟಣ ಹಿಡಿದು, ಗುಂಡಿಯಿಲ್ಲದ ಅಂಗಿಯಲ್ಲಿ, ಗೇಟಿನ ಕಂಬವನ್ನೇ ಓದುತ್ತ ನಿಂತಿದ್ದ ಗಂಡಸು. “ಇದೇ ಸಿಕ್ತಾ ತರೋಕೆ!” ಎಂದಳು. ನಗು ಬಂತು, ಅದರ ಹಿಂದೆಯೇ ಅಳು ಬಂತು, ಮಡಿಲಲ್ಲಿದ್ದ ಗಿರಾಕಿಯ ಕೋಟಿನಲ್ಲೇ ಮುಖ ಒರೆಸಿಕೊಂಡಳು.

ಅಜ್ಜನ ಎದೆಯ ನೀರು ಇಳಿಸಿ ಮನೆಗೆ ಕಳಿಸಿದರು. ಅಜ್ಜಿ ಈಗ ಸಂತೆಯಿಂದ ಹಸಿ ಎಲುಬು ತಂದು ಬೇಯಿಸತೊಡಗಿದಳು. ಅದೇ ಈರುಳ್ಳಿ, ಅದೇ ಮೆಣಸು, ಅದೇ ಸಣ್ಣ ಉರಿ. ಕೋಳಿ ಅಂಗಡಿಯದಲ್ಲ. ಮೊದಲ ಚಮಚ ಕೊಟ್ಟು ಗಂಡನ ಮುಖ ನೋಡಿದಳು.

ಅಜ್ಜ ನುಂಗಿದ. “ಚೆನ್ನಾಗಿದೆ,” ಎಂದ.

ಅಜ್ಜಿ ಚಮಚವನ್ನು ಬಟ್ಟಲಿಗೆ ಇಳಿಸಿದಳು. ಮಾರನೆಯ ದಿನವೂ “ಚೆನ್ನಾಗಿದೆ” ಎಂದ. ಮೂರನೆಯ ದಿನವೂ. ಬಟ್ಟಲು ಮುಕ್ಕಾಲು ತುಂಬಿದ್ದೇ ಹಿಂದೆ ಬರುತ್ತಿತ್ತು. ಕಾಲು ಇಳಿಯಿತು, ಅದರೊಂದಿಗೆ ಮನುಷ್ಯನೂ ಇಳಿದ. ಮೈಯಲ್ಲಿ ನೀರೂ ಇಲ್ಲ, ನೀರು ಹೋದ ಜಾಗದಲ್ಲಿ ಮಾಂಸವೂ ಇಲ್ಲ. ಕೆಲವು ವಾರ ಹಾಗೇ ಹೋದವು. ಒಂದು ದಿನವೂ ಬೈಗುಳಕ್ಕಾಗಲಿ, ತಮಾಷೆಗಾಗಲಿ ಅವನ ಬಾಯಿ ತೆರೆಯಲಿಲ್ಲ. ಅಜ್ಜಿ ಬೆಳಿಗ್ಗೆ ಕಾಲು ಒತ್ತಿದರೆ, “ಏನಂತೆ?” ಎಂದು ಕೇಳುವುದನ್ನೂ ಬಿಟ್ಟ.

ಆಮೇಲೆ ಊತ ಮತ್ತೆ ಬಂತು, ಉಪ್ಪಿನ ಹಂಗಿಲ್ಲದೆ. ಮನೆಗೇ ಬಂದು ನೋಡಿದ ಡಾಕ್ಟರು ಮುಂದಿನ ಕೋಣೆಯಲ್ಲಿ ಮಗನ ಭುಜದ ಮೇಲೆ ಕೈಯಿಟ್ಟರು. “ಇನ್ನು ಆಸ್ಪತ್ರೆಗೆ ಎಳೆದಾಡ್ಬೇಡಿ. ಏನು ಕೇಳ್ತಾರೋ ಕೊಡಿ.”

“ಉಪ್ಪು?” ಎಂದಳು ಅಜ್ಜಿ.

ಡಾಕ್ಟರು ಅವಳನ್ನು ನೋಡಿದರು. “ಏನು ಕೇಳ್ತಾರೋ ಕೊಡಿ ಅಮ್ಮ,” ಎಂದು ಮತ್ತೆ ಹೇಳಿದರು.

ಅಪ್ಪಣೆ ಸಿಕ್ಕಿತು. ಕೈ ಬರಬೇಕಲ್ಲ? ಆ ಸಂಜೆ ಮಗ ಅಂಗಡಿಯ ಎಲುಬಿನ ಚೀಲ ತಂದು ಹೊಸಿಲಲ್ಲಿ ಇಟ್ಟ. ಅಜ್ಜಿ ಅದರ ಮುಂದೆ ಕೂತೇ ಇದ್ದಳು, ಗಂಟು ಬಿಚ್ಚಲಿಲ್ಲ. “ಇಷ್ಟು ದಿನ ಗೊತ್ತಿಲ್ದೆ ಕೊಟ್ಟೆ,” ಎಂದಳು. “ಗೊತ್ತಿದ್ದೂ ಹೇಗೆ ಕೊಡ್ಲಿ?”

ಹೊಲಿಗೆ ಯಂತ್ರದ ಸದ್ದು ನಿಂತಿತು. ಸೊಸೆ ಎದ್ದು ಬಂದು ಅತ್ತೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಚೀಲದ ಗಂಟು ಬಿಚ್ಚಿದಳು.

“ಏಳಿ ಅತ್ತೆ. ಮಾವನ ಹತ್ರ ಕೂತ್ಕೊಳ್ಳಿ. ನಾನು ಮಾಡ್ತೀನಿ.”

“ಬೇಡ ಕಣೇ, ನಿನ್ನ ಮೇಲೆ...”

“ಹಾಕದೇನೇ ಅನ್ನಿಸ್ಕೊಂಡಿದೀನಿ. ಇವತ್ತು ಹಾಕಿ ಅನ್ನಿಸ್ಕೊಳ್ತೀನಿ ಬಿಡಿ.”

ಅವಳು ಎಲುಬನ್ನು ತೊಳೆಯಲಿಲ್ಲ. ಮಸಾಲೆ ಹಿಡಿದ ಚರ್ಮವನ್ನು ಸುಲಿಯಲಿಲ್ಲ. ಹಾಗೇ ಮುರಿದು ಪಾತ್ರೆಗೆ ಹಾಕಿ, ನೀರು ಹೊಯ್ದು, ಉರಿ ಸಣ್ಣ ಮಾಡಿ, ಅತ್ತೆ ಕೂರುತ್ತಿದ್ದ ಮಣೆಯ ಮೇಲೆ ಕೂತಳು. ಸಾರು ಮುಗುಳ್ನಗುತ್ತ ಬೆಂದಿತು. ಮನೆಯೆಲ್ಲ ಅಂಗಡಿಯ ವಾಸನೆ ತುಂಬಿತು. ಮಂಚದ ಮೇಲೆ ಅಜ್ಜನ ಮೂಗಿನ ಹೊಳ್ಳೆ ಅರಳಿದ್ದನ್ನು ಮೊದಲು ಕಂಡವಳು ಗಿರಣಿ. ಅವಳು ಅಜ್ಜಿಯ ಮೊಣಕೈ ಮುಟ್ಟಿ ತೋರಿಸಿದಳು.

ಸೋಸುವ ಮುಂಚೆ ಸೊಸೆ ಅತ್ತೆಯ ಮುಂದೆ ಅಂಗೈ ಚಾಚಿದಳು. ಅಜ್ಜಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಕೊರಳ ದಾರ ತೆಗೆದು ಬೀಗದ ಕೈಯನ್ನು ಆ ಕೈಯಲ್ಲಿಟ್ಟಳು. ಸೊಸೆ ಪೆಟ್ಟಿಗೆ ತೆರೆದು, ಡಬ್ಬ ತಂದು, ಎಲ್ಲರ ಕಣ್ಣೆದುರೇ ಸಾರಿಗೆ ಒಂದು ಚಿಟಿಕೆ ಹಾಕಿದಳು.

ಮಗ ತಂದೆಯನ್ನು ಎದೆಗೆ ಒರಗಿಸಿಕೊಂಡು ಕೂತ. ಅಜ್ಜಿ ಬಟ್ಟಲು ಹಿಡಿದಳು, ಸೊಸೆ ಚಮಚ ಹಿಡಿದಳು. ಮೊದಲ ಚಮಚದಲ್ಲಿ ಅರ್ಧ ತುಟಿಯಂಚಿನಿಂದ ಹರಿಯಿತು, ಅರ್ಧ ಒಳಗೆ ಹೋಯಿತು. ಅಜ್ಜ ಅದನ್ನು ಬಾಯಲ್ಲೇ ಇಟ್ಟುಕೊಂಡ. ಬಹಳ ಹೊತ್ತಾದ ಮೇಲೆ ನುಂಗಿದ. ಕಣ್ಣು ತೆರೆದು ಹೆಂಡತಿಯನ್ನು ನೋಡಿದ, ಸೊಸೆಯನ್ನು ನೋಡಿದ. ಸೊಸೆಯನ್ನು ನೋಡಿದ್ದು ಹೆಚ್ಚು ಹೊತ್ತು. ಆಮೇಲೆ, ಎಲ್ಲಿಂದ ಶಕ್ತಿ ತಂದನೋ, ಮೂತಿಯನ್ನು ಸೊಟ್ಟಗೆ ಮಾಡಿದ.

“ಸಪ್ಪೆ,” ಎಂದ.

“ಹೂಂ ಮಾವ. ಸಪ್ಪೆ,” ಎಂದಳು ಸೊಸೆ. ಅವಳ ಕಣ್ಣಿನಿಂದ ನೀರು ಇಳಿದು ಗಲ್ಲದಲ್ಲಿ ನಿಂತಿತು. “ಇನ್ನೊಂದು ಚಮಚ?”

ಅವನು ಮಗುವಿನಂತೆ ಬಾಯಿ ತೆರೆದ.

ಬೆಳಗಾದಾಗ ಅಜ್ಜಿ ಹೊದಿಕೆ ಸರಿಸಿ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದಳು. ಗುಳಿ ಬಿತ್ತು. ತುಂಬಿಕೊಳ್ಳಲೆಂದು ಕಾದಳು. ಕಿಟಕಿಯಲ್ಲಿ ಬೆಳಕು ಏರಿತು, ಬೀದಿಯಲ್ಲಿ ಹಾಲಿನವನ ಗಂಟೆ ಬಂದು ಹೋಯಿತು, ಅಡುಗೆಮನೆಯಲ್ಲಿ ಉಳಿದ ಸಾರು ಬಟ್ಟಲಲ್ಲಿ ಹೆಪ್ಪುಗಟ್ಟಿತ್ತು. ಗುಳಿ ಹಾಗೆಯೇ ಇತ್ತು. ಸೊಸೆ ಬಂದು ಪಕ್ಕದಲ್ಲಿ ಕೂತು, ಅತ್ತೆಯ ಕೈಯನ್ನು ಮೆಲ್ಲಗೆ ಅಲ್ಲಿಂದ ಎತ್ತಿ ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು.